ಸೋದರಮಾವನ ದಾರ

ತುಕ್ಕಾನಟ್ಟಿ
18 ನವೆಂಬರ್ 2024

ತಂಗಿ ಶೆಟ್ಟೆವ್ವಗೆ ಅಣ್ಣ ಮಾಲಿಂಗಪ್ಪ ಬರೆಯುವುದು. ಕ್ಷೇಮ ಕೇಳಲು ಬರೆದದ್ದಲ್ಲ ಇದು. ಫೋನಿನಲ್ಲಿ ನಾನು ಒದರುತ್ತೇನೆ, ನೀನು ಅಳುತ್ತೀ, ಕಡೆಗೆ ಇಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ನಿನ್ನೆ ನನ್ನ ಫೋನು ಗೋಡೆಗೆ ಹೋಗಿ ಬಿತ್ತು. ಮಗ ಹಣಮಂತ ಚೂರು ಆರಿಸುತ್ತಾ, "ಯಪ್ಪಾ, ಇನ್ನೊಂದು ಕೊಡಸೂದಿಲ್ಲ ನಿನಗ. ಅತ್ತಿ ಜೋಡಿ ಜಗಳಾ ಮಾಡೂದಿತ್ತಂದ್ರ ಕಾಗದಾ ಬರಿ" ಎಂದ. ಮಕ್ಕಳು ಬುದ್ಧಿ ಹೇಳುವ ಕಾಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟು ಕುರಿ ಹಿಂದೆ ಹೋದವನು, ನೀನು ಏಳರ ತನಕ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದು. ನನಗೆ ತಿಳಿಸುವುದು ಬೇಡ.

ಮಾತು ನಿನ್ನ ಮಗಳು ಕಸ್ತೂರಿಯದು. ಯಮಕನಮರಡಿ ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ, ತನ್ನ ಗಂಡನನ್ನು ತಾನೇ ಹುಡುಕಿಕೊಂಡಿದ್ದಾಳೆ. ಆಗಲಿ. ಹುಡುಗನ ಹೆಸರು ಯಲ್ಲೇಶ, ಹೈವೇ ಬಾಜೂ ಪಂಕ್ಚರ್ ಅಂಗಡಿ ಇದೆ ಎಂದು ನೀನು ಹೇಳಿದೆ. ಅದೂ ಆಗಲಿ, ದುಡಿಯುವ ಕೈ. ಆದರೆ ಕಡೆಗೆ ಮೆಲ್ಲಗೆ, "ಅವರಾಗ ಮದವಿಗೆ ಉಣ್ಣಿ ಕಂಕಣ ಕಟ್ಟೂದಿಲ್ಲಣ್ಣಾ" ಎಂದೆಯಲ್ಲ, ಅಲ್ಲಿಂದ ನನ್ನ ತಲೆ ಕೆಟ್ಟಿತು. ಅಂದರೆ ಹತ್ತಿ ಕಂಕಣದವರು! ಅದನ್ನು ಮೊದಲೇ ಹೇಳಬಾರದಿತ್ತೇ?

ನಮ್ಮದು ಉಣ್ಣೆ ಕಂಕಣದ ಮನೆತನ. ಮದುಮಕ್ಕಳ ಕೈಗೆ ಕರಿ ಕುರಿಯ ಉಣ್ಣೆ ದಾರ, ಅದಕ್ಕೊಂದು ಅರಿಷಿಣ ಕೊಂಬು. ಅವರು ಕಟ್ಟುವುದು ಹತ್ತಿ ನೂಲು. ಇಬ್ಬರೂ ಕುರುಬರೇ, ಇಬ್ಬರಿಗೂ ಬೀರದೇವರೇ ದೇವರು. ಆದರೆ ನಮ್ಮ ಅಜ್ಜ ಹತ್ತಿಯವರ ಮನೆಯಿಂದ ಹೆಣ್ಣು ತಂದವನಲ್ಲ, ಕೊಟ್ಟವನಲ್ಲ. ಅಪ್ಪ ಅವರ ಹಟ್ಟಿಯಲ್ಲಿ ಮಜ್ಜಿಗೆ ಸಹ ಕುಡಿಯುತ್ತಿರಲಿಲ್ಲ. ಸೋದರಮಾವ ಅಂತ ನಾನೇ ಕೈಯಾರೆ ದಾರ ಹೊಸೆದು ತರಬೇಕು, ನಾನೇ ಕಸ್ತೂರಿಯ ಕೈಗೆ ಕಟ್ಟಬೇಕು. ಯಾವ ಮುಖ ಹೊತ್ತು ಕಟ್ಟಲಿ?

ಆ ಮನೆಯ ಹೊಸ್ತಿಲು ನಾನು ತುಳಿಯುವುದಿಲ್ಲ. ಹುಡುಗನ ಮುಖ ನೋಡುವುದಿಲ್ಲ. ಅವರ ಕುಲದ ಬೆಡಗು ಯಾವುದು ಬರೆ. ಅದೂ ನಿಮ್ಮ ಮನೆಯದೇ ಆಗಿದ್ದು ಅಣ್ಣತಂಗಿ ಸಂಬಂಧ ಬಂದರೆ ಅಷ್ಟಕ್ಕೇ ಮುಗಿಯಿತು.

ಮಾಲಿಂಗಪ್ಪ


ದಡ್ಡಿ
2 ಡಿಸೆಂಬರ್ 2024

ಅಣ್ಣಾ,

ನಿನ್ನ ಕಾಗದ ಎರಡು ಸಲ ಓದಿದೆ. ಫೋನಿನಲ್ಲಿ ಇಷ್ಟು ಹೊತ್ತು ನೀನು ಎಂದೂ ಮಾತಾಡಿಲ್ಲ. ಇನ್ನು ಮೇಲೆ ಹೀಗೇ ಬರೆ.

ಬೆಡಗಿನ ಚಿಂತೆ ಬೇಡ. ಅವರದು ನಮ್ಮ ಬೆಡಗಲ್ಲ. ಹುಡುಗ ಕುಡಿಯುವುದಿಲ್ಲ, ಇಸ್ಪೀಟಿಲ್ಲ. ನನಗೆ ಹುಕ್ಕೇರಿಯಲ್ಲಿ ಕಣ್ಣಿನ ಆಪರೇಷನ್ ಆದಾಗ ಕಸ್ತೂರಿಗೆ ರಜೆ ಸಿಗಲಿಲ್ಲ, ಅಂಗಡಿ ಮುಚ್ಚಿ ಬಂದು ಜೊತೆಗೆ ಇದ್ದವನು ಇವನೇ. ಆಗ ನನಗೆ ಇವನು ಯಾರೆಂದು ಗೊತ್ತಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ್ದರು. ದನಿ ಕೇಳಿ ಒಳ್ಳೆಯವನು ಎಂದುಕೊಂಡೆ. ಪಟ್ಟಿ ಬಿಚ್ಚಿದ ಮೇಲೂ ಹಾಗೇ ಅನ್ನಿಸಿತು.

ಕಸ್ತೂರಿಯ ಅಪ್ಪ ಬದುಕಿದ್ದಿದ್ದರೆ ನಿನ್ನನ್ನು ಇಷ್ಟು ಬೇಡುತ್ತಿರಲಿಲ್ಲ. ಈಗ ನಾನು ಅವರ ಅಣ್ಣತಮ್ಮಂದಿರ ನಡುವೆ ಬಾಳುತ್ತಿರುವವಳು. ಅವರು ಒಂದೇ ಮಾತು ಹೇಳಿದ್ದಾರೆ: "ತುಕ್ಕಾನಟ್ಟಿ ಮಾಲಿಂಗಪ್ಪ ಗುಡಿ ಪೂಜಾರಿ ಮನಶ್ಯಾ. ಅಂವಾ ದಾರಾ ತಂದ್ರ ನಾವೂ ಬರ್ತೀವಿ. ಅಂವಾ ಬರಲಿಲ್ಲಂದ್ರ ನೀ ಯಾರೋ, ನಾವ್ಯಾರೋ." ನೀನು ಬಂದರೆ ನಾನು ಈ ಊರಿನಲ್ಲಿ ಇರುತ್ತೇನೆ. ಬಾರದಿದ್ದರೆ ಒಂದೇ ಓಣಿಯಲ್ಲಿ ಇದ್ದೂ ಇಲ್ಲದವಳಾಗುತ್ತೇನೆ. ಕಸ್ತೂರಿಯ ಮದುವೆ ನೀನಿಲ್ಲದೆಯೂ ಆಗುತ್ತದೆ. ನಾನು ಕೇಳುತ್ತಿರುವುದು ನನ್ನ ಸಲುವಾಗಿ.

ಶೆಟ್ಟೆವ್ವ


ತುಕ್ಕಾನಟ್ಟಿ
19 ಡಿಸೆಂಬರ್ 2024

ಶೆಟ್ಟೆವ್ವ,

ಮೊಣಕಾಲಿಗೆ ಸೂಜಿ ಮಾಡಿಸಲು ಗೋಕಾಕಕ್ಕೆ ಹೋಗಿದ್ದೆ. ಹಾಗೇ ಹಳೇ ಪೇಟೆಯ ಬಟ್ಟೆ ಅಂಗಡಿಗೆ ಹೋದೆ. ಆ ಮನೆತನಕ್ಕೆ ಅಪ್ಪ ಕಂಬಳಿ ಹಾಕುತ್ತಿದ್ದ, ನಾನೂ ಹಾಕಿದ್ದೇನೆ. ಆಗಿನ ಸಾವಕಾರ ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸುತ್ತಿದ್ದ. ಕಂಬಳಿ ಒಳಗೆ ಹೋಗುತ್ತಿತ್ತು, ನಾವು ಹೊರಗೆ. ಕಂಬಳಿಗೆ ಮೈಲಿಗೆ ಇಲ್ಲವಂತೆ, ನೇಯ್ದವನಿಗೆ ಮಾತ್ರ ಉಂಟು.

ಈಗ ಮೊಮ್ಮಗ ಕೂತಿದ್ದಾನೆ. ಮೆತ್ತನೆಯ ಕುರ್ಚಿ ಹಾಕಿದ. "ಬರ್ರಿ ಕಾಕಾ, ಕೂಡ್ರಿ, ಚಾ ತರಸ್ತೀನಿ" ಎಂದ. ಸಂತೋಷವಾಯಿತು. ಆಮೇಲೆ ಸೀರೆ ಬಿಚ್ಚಿ ತೋರಿಸುತ್ತಾ, "ನೀವು ಯಾ ಪೈಕಿರಿ ಕಾಕಾ?" ಎಂದ.

"ಕುರುಬರೊ ತಮ್ಮಾ. ನಿಮ್ಮಜ್ಜಗ ಕಂಬಳಿ ಹಾಕತಿದ್ವಿ."

"ಹಾಂ ಹಾಂ, ಚಲೋ ಮಂದಿ ಬಿಡ್ರಿ" ಎಂದ.

ಚಾ ಬಂತು. ಬಾಜೂ ಕೂತ ಇಬ್ಬರಿಗೆ ಗಾಜಿನ ಗ್ಲಾಸು, ನನಗೆ ಕಾಗದದ ಕಪ್ಪು. ಮೇಲೆ ಗೋಡೆಗೆ ಬಸವಣ್ಣನ ಫೋಟೋ, ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ದರು. ನಾನು ಕಪ್ಪು ಕೆಳಗಿಟ್ಟು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು, ಗ್ಲಾಸು ತೊಳೆದಿರಲಿಲ್ಲವೋ ಏನೋ. ಎರಡೇ ಗ್ಲಾಸು ಇದ್ದವೋ ಏನೋ. ಈಗ ಗೊತ್ತಾಗುವುದಿಲ್ಲ ನೋಡು. ಮೊದಲು ಹೊರಗೆ ಕೂಡಿಸುತ್ತಿದ್ದರು, ಗೊತ್ತಾಗುತ್ತಿತ್ತು, ಬೈಯಲು ಬರುತ್ತಿತ್ತು. ಈಗ ಮೆತ್ತನೆಯ ಕುರ್ಚಿಯ ಮೇಲೆ ಕೂತು ಸಂಶಯ ಪಡಬೇಕು. ದಣಿವಾಗುತ್ತದೆ.

ಮನೆಗೆ ಬಂದು ಅದನ್ನೇ ಯೋಚಿಸಿದೆ. ನಾವು ಹತ್ತಿಯವರಿಗೆ ಮಾಡಿದ್ದಾದರೂ ಏನು? ನಮ್ಮ ಮೇಲೊಬ್ಬ ಕೂತಿದ್ದಾನೆ ಅಂತ ಸಿಟ್ಟು, ಆ ಸಿಟ್ಟಿಗೆ ನಮ್ಮ ಕೆಳಗೊಬ್ಬನನ್ನು ಕೂಡಿಸುವುದು. ಕುರಿಯ ಮೈಮೇಲೆ ಬೆಳೆದದ್ದು ಮೇಲು, ಹೊಲದಲ್ಲಿ ಬೆಳೆದದ್ದು ಕೀಳು ಅಂತೆ. ಯಾವ ದಡ್ಡ ಮಾಡಿದನೋ ಇದನ್ನು. ನನ್ನ ಅಜ್ಜನೇ ಇರಬೇಕು.

ಬರುತ್ತೇನೆ ಅಂತ ಹೇಳಿಲ್ಲ. ನೋಡುತ್ತೇನೆ ಅಂತ ಹೇಳುತ್ತಿದ್ದೇನೆ. ಎರಡಕ್ಕೂ ಫರಕು ಇದೆ.

ಮಾಲಿಂಗಪ್ಪ


ದಡ್ಡಿ
6 ಜನವರಿ 2025

ಅಣ್ಣಾ,

ನಿನ್ನ ಕಾಗದದ ಬಟ್ಟೆ ಅಂಗಡಿಯ ಮಾತನ್ನು ಕಸ್ತೂರಿಗೂ ಓದಿ ಹೇಳಿದೆ. "ಮಾಮಾ ಇಷ್ಟ ಬರದಾನಂದ್ರ ಬಂದೇ ಬರ್ತಾನ" ಎಂದಳು.

ಮದುವೆ ಏಪ್ರಿಲ್ 20, ಆದಿತ್ಯವಾರ, ನಮ್ಮ ಮನೆಯ ಮುಂದೆಯೇ. ಬರುವುದಾದರೆ ಎರಡು ದಾರ ತಾ. ಒಂದು ಕಸ್ತೂರಿಗೆ ನೀನು ಕಟ್ಟುವುದು. ಇನ್ನೊಂದು ಹುಡುಗನಿಗೆ, ಅವನ ಸೋದರಮಾವ ಕೆಂಚಪ್ಪ ಕಟ್ಟುತ್ತಾನೆ. ಹೆಣ್ಣಿನ ಕಡೆಯ ಸೋದರಮಾವ ಗಂಡಿನ ಕಡೆಯ ಸೋದರಮಾವನಿಗೆ ದಾರ ಕೊಡುವುದು ನಮ್ಮ ಪದ್ಧತಿ, ಅದು ನಮ್ಮ ಪ್ರಕಾರವೇ ಆಗಲಿ ಎಂದು ಅವರೇ ಒಪ್ಪಿದ್ದಾರೆ. ಉಣ್ಣೆ ದಾರ ಕಟ್ಟಿಕೊಳ್ಳಲು ಅವರದೇನೂ ಅಭ್ಯಂತರ ಇಲ್ಲ.

ಇನ್ನೊಂದು ಮಾತಿದೆ. ಕಾಗದದಲ್ಲಿ ಬೇಡ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಶಿವರಾತ್ರಿಗೆ ಮೊದಲು ಒಮ್ಮೆ ಇತ್ತ ಬಂದು ಹೋಗಲು ಆಗುತ್ತದೆಯೇ?

ಶೆಟ್ಟೆವ್ವ


ತುಕ್ಕಾನಟ್ಟಿ
3 ಫೆಬ್ರುವರಿ 2025

ಶೆಟ್ಟೆವ್ವ,

ಬರಲು ಆಗುವುದಿಲ್ಲ, ಮೊಣಕಾಲು ಬಿಡುವುದಿಲ್ಲ. ಒಮ್ಮೆಲೇ ಮದುವೆಗೇ ಬರುತ್ತೇನೆ. ಹೂಂ, ಓದಿದ್ದು ಖರೆ, ಬರುತ್ತೇನೆ. ನಿನ್ನ ಆ ಇನ್ನೊಂದು ಮಾತು ಏನೆಂದು ನನಗೆ ಗೊತ್ತು. ಹುಡುಗನ ಮನೆ ಬಡವರದು, ಚಪ್ಪರದ ಖರ್ಚು ನಾವೇ ನೋಡಬೇಕು, ಅಷ್ಟೇ ತಾನೆ. ಅದಕ್ಕೆ ಯಾಕೆ ನಾಚಿಕೆ.

ಇಲ್ಲಿ ಒಂದು ಕೆಲಸ ಮಾಡಿದ್ದೇನೆ, ಕೇಳು. ಅಮಾವಾಸ್ಯೆಯ ದಿನ ಬೀರದೇವರ ಗುಡಿಯಲ್ಲಿ ಹಿರಿಯರು ಕೂಡಿದ್ದರು. ಕದ್ದು ಹೋಗಿ ಬರುವವನಲ್ಲ ನಾನು. ಎದ್ದು ನಿಂತು ಹೇಳಿಬಿಟ್ಟೆ, ನನ್ನ ತಂಗಿಯ ಮಗಳನ್ನು ಹತ್ತಿಯವರಿಗೆ ಕೊಡುತ್ತಿದ್ದೇವೆ, ದಾರ ನಾನೇ ಒಯ್ಯುತ್ತೇನೆ ಅಂತ. ಗದ್ದಲ ಎದ್ದಿತು. ಹಿರಿಯ ಬೀರಸಿದ್ದಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಮಾಲಿಂಗಪ್ಪಾ, ನೀ ಹಿಂದ ಹಿಂಗ ಅಂತಿದ್ದಿಲ್ಲ" ಎಂದ.

"ಹಿಂದ ನನಗ ಮೊಣಕಾಲ ಬ್ಯಾನಿನೂ ಇದ್ದಿಲ್ಲ" ಎಂದೆ.

"ಅದಕ್ಕೂ ಇದಕ್ಕೂ ಏನ ಸಂಬಂಧೊ?"

"ವಯಸ್ಸಾತು ಅಂತ ಅರ್ಥ. ಹತ್ತಿ ಉಣ್ಣಿ ಅಂತ ಜಗಳಾಡಾಕ ನನ್ನ ಕಡೆ ಈಗ ದಮ್ಮಿಲ್ಲ. ನಿನ್ನ ಮೈಮ್ಯಾಲ ಇರೂ ಅಂಗಿ ಯಾತರದೊ ಬೀರಸಿದ್ದಾ? ಹತ್ತೀದಲ್ಲ? ಬಿಚ್ಚಿಡು ಮದಲ, ಆಮ್ಯಾಲ ಮಾತಾಡು."

ಎಲ್ಲರೂ ನಕ್ಕರು, ಬೀರಸಿದ್ದಪ್ಪನೂ ನಕ್ಕ. ಕಡೆಗೆ, "ಆತು, ಹತ್ತಿ ಆದ್ರೂ ಕುರುಬರ ಅದಾರ. ನಿನ್ನ ಮಾತಿನ ಮ್ಯಾಲ ಬಿಟ್ಟೀವಿ" ಎಂದರು. ದೇವರ ಭಂಡಾರದ ಅರಿಷಿಣ ಮುಟ್ಟಿ, ಹುಡುಗ ಕುರುಬನೇ ಎಂದು ಮಾತು ಕೊಟ್ಟೆ. ಮನೆಗೆ ಬರುವಾಗ ಮೊಣಕಾಲು ನೋಯಲೇ ಇಲ್ಲ.

ಹಣಮಂತನಿಗೆ ಹೇಳಿ ಕರಿ ಟಗರಿನ ಉಣ್ಣೆ ಕತ್ತರಿಸಿ ತರಿಸಿದ್ದೇನೆ. ಈಗ ಯಾರೂ ಉಣ್ಣೆ ಕೊಳ್ಳುವುದಿಲ್ಲ, ಕತ್ತರಿಸಿ ಬೇಲಿಗೆ ಎಸೆಯುತ್ತಾರೆ. ನಾನು ತೊಡೆಯ ಮೇಲೆ ಹೊಸೆಯುತ್ತಾ ಕೂತರೆ ಮೊಮ್ಮಕ್ಕಳು ಬಂದು ನೋಡುತ್ತವೆ. ಎರಡೂ ದಾರ ಆಗಿವೆ. ಗಂಟಿಲ್ಲದೆ ಬಂದಿವೆ.

ಮಾಲಿಂಗಪ್ಪ


ದಡ್ಡಿ
14 ಫೆಬ್ರುವರಿ 2025

ಅಣ್ಣಾ,

ಇದನ್ನು ಕೂತು ಓದು. ಹಣಮಂತನ ಎದುರಿಗೆ ಓದಬೇಡ.

ಯಲ್ಲೇಶ ಹತ್ತಿಯವನಲ್ಲ. ಕುರುಬನೇ ಅಲ್ಲ. ಯಮಕನಮರಡಿಯ ಮಾದರ ಕೇರಿಯವನು.

ನಾನು ನಿನಗೆ ಒಂದೂ ಸುಳ್ಳು ಹೇಳಿಲ್ಲ. ಅವರಲ್ಲಿ ಉಣ್ಣೆ ಕಂಕಣ ಇಲ್ಲ ಎಂದೆ, ಇಲ್ಲ. ಬೆಡಗು ನಮ್ಮದಲ್ಲ ಎಂದೆ, ಅಲ್ಲ. ನೀನು ಹತ್ತಿ ಎಂದು ಹಿಡಿದುಕೊಂಡೆ. ನಾನು ಬಿಡಿಸಲಿಲ್ಲ. ಇದು ಸುಳ್ಳಿಗಿಂತ ಕೆಟ್ಟದ್ದು, ಗೊತ್ತು. ಮೊದಲು ಹತ್ತಿಗೆ ಬಗ್ಗಲಿ, ಬಗ್ಗಿದ ಮೇಲೆ ಇನ್ನಷ್ಟು ಬಗ್ಗಿಸಬಹುದು ಎಂದುಕೊಂಡೆ. ಎದುರಿಗೆ ಕೂಡಿಸಿಕೊಂಡು, ಉಣ್ಣಲು ಹಾಕಿ, ಮೆಲ್ಲಗೆ ಹೇಳೋಣವೆಂದಿದ್ದೆ. ನೀನು ಗುಡಿಯಲ್ಲಿ ಭಂಡಾರ ಮುಟ್ಟಿ ಮಾತು ಕೊಡುತ್ತೀ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಈ ಕಾಗದ ಬರೆಯಲು ಕೂತೆ.

ನನ್ನ ಭಾವಂದಿರಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೇ ಅವರು ನಿನ್ನ ಹೆಸರು ಹೇಳಿದ್ದು. ನೀನು ಬರುವುದಿಲ್ಲ ಎಂಬ ಧೈರ್ಯದ ಮೇಲೆ.

ಕಾಗದದ ಕಪ್ಪಿನ ಮಾತು ನೀನೇ ಬರೆದವನು. ನಮ್ಮ ಮನೆಯಲ್ಲಿ ಯಲ್ಲೇಶನ ಅಪ್ಪನಂಥವರಿಗೆ ಕಪ್ಪೂ ಇರಲಿಲ್ಲ, ಹಿತ್ತಲಿನಲ್ಲಿ ಬೊಗಸೆಗೆ ಮೇಲಿಂದ ನೀರು ಹಾಕುತ್ತಿದ್ದೆವು. ನೀನೂ ಹಾಕಿದ್ದೀ, ನಾನೂ ಹಾಕಿದ್ದೇನೆ.

ಶೆಟ್ಟೆವ್ವ


ತುಕ್ಕಾನಟ್ಟಿ
20 ಫೆಬ್ರುವರಿ 2025

ಕಾಗದ ಮುಟ್ಟಿತು. ದೇವರ ಮುಂದೆ ನನ್ನ ನಾಲಿಗೆ ಮಾರಿದಿ. ದಾರ ಎರಡೂ ಒಲೆಗೆ ಹಾಕಿದೆ. ಇನ್ನು ಬರೆಯಬೇಡ.


ದಡ್ಡಿ
10 ಮಾರ್ಚ್ 2025

ಅಣ್ಣಾ,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಿದರೂ ನಡೆಯುತ್ತದೆ.

ನೀನು ಬರುವುದಿಲ್ಲ ಎಂದು ಇಲ್ಲಿ ಹೇಗೋ ಸುದ್ದಿ ಮುಟ್ಟಿದೆ. ಮೊನ್ನೆ ಜೋಳದ ಚೀಲ ಹೊತ್ತುಕೊಂಡು ಗಿರಣಿಗೆ ಹೋದೆ. ಗಿರಣಿಯವನು ಕೆಟ್ಟಿದೆ ಎಂದ. ನನ್ನ ಹಿಂದೆ ಬಂದವಳಿಗೆ ಬೀಸಿಕೊಟ್ಟ, ಸಪ್ಪಳ ಓಣಿಯ ತನಕ ಕೇಳಿಸಿತು. ಹಾಲು ಹಾಕುವವಳು ಬರುವುದು ಬಿಟ್ಟಳು. ಯಾರೂ ಬೈದಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ.

ಕಸ್ತೂರಿಗೆ ನಾನು ಮಾಡಿದ್ದು ಗೊತ್ತಾಗಿ ನನ್ನ ಮೇಲೆಯೇ ಸಿಟ್ಟಾದಳು. "ಮಾಮಾ ಬರದಿದ್ರ ಬ್ಯಾಡ ಬಿಡವ್ವಾ. ಆದ್ರ ಇವರ ಜಾತಿ ಮುಚ್ಚಿ ಕರದೀಯಲ್ಲ, ಅಂದ್ರ ನಿನಗೂ ನಾಚಿಕಿನ ಐತಿ ಅಂದಂಗಾತು" ಎಂದಳು. ಇದೆಯೇನೋ, ಅಣ್ಣಾ. ಇಲ್ಲ ಎಂದು ಎದೆ ಮುಟ್ಟಿ ಹೇಳಲಾರೆ.

ಯಲ್ಲೇಶ ಬಂದಿದ್ದ. ಒಳಗೆ ಬಾ ಎಂದರೆ ಅಂಗಳದಲ್ಲೇ ನಿಂತ. "ನಿಮಗ ತ್ರಾಸ ಆಕ್ಕೈತ್ರಿ ಅತ್ತಿ, ಮದವಿ ಆದಮ್ಯಾಲ ಬರ್ತೇನಿ" ಎಂದ. ಹಿಟ್ಟಿನ ಚೀಲ ತಂದಿದ್ದ, ಯಮಕನಮರಡಿಯಲ್ಲಿ ಬೀಸಿಸಿಕೊಂಡು. ಕಟ್ಟೆಯ ಮೇಲೆ ಇಟ್ಟು ಹೋದ. ಆ ಹಿಟ್ಟಿನ ರೊಟ್ಟಿಯನ್ನೇ ನಾನೀಗ ತಿನ್ನುತ್ತಿರುವುದು.

ಶೆಟ್ಟೆವ್ವ


ತುಕ್ಕಾನಟ್ಟಿ
28 ಮಾರ್ಚ್ 2025

ಶೆಟ್ಟೆವ್ವ,

ಸಿಟ್ಟು ಇಳಿದಿದೆ. ಪೂರ್ತಿ ಇಳಿದಿಲ್ಲ. ಆದರೆ ಮದುವೆಗೆ ಬರಲಾಗುವುದಿಲ್ಲ. ಮೊಣಕಾಲು ಭಾಳ ಆಗಿದೆ, ಡಾಕ್ಟರು ಬಸ್ಸು ಹತ್ತಬೇಡ ಎಂದಿದ್ದಾರೆ. ಕಸ್ತೂರಿಗೆ ಒಂದು ಸೀರೆ ತೆಗೆದಿಟ್ಟಿದ್ದೇನೆ, ಯಾರಾದರೂ ಬಂದರೆ ಕಳಿಸುತ್ತೇನೆ. ಇದಕ್ಕಿಂತ ಹೆಚ್ಚು ಕೇಳಬೇಡ.

ಮಾಲಿಂಗಪ್ಪ


ದಡ್ಡಿ
5 ಏಪ್ರಿಲ್ 2025

ಅಣ್ಣಾ,

ಹಣಮಂತ ಫೋನು ಮಾಡಿದ್ದ. ನಿನಗೆ ಹೇಳಿರಲಿಕ್ಕಿಲ್ಲ. "ಅತ್ತಿ, ಯಪ್ಪನ ಕರೀಬ್ಯಾಡ, ಕೈ ಮುಗೀತೇನಿ" ಎಂದು ಎಲ್ಲ ಹೇಳಿದ. ಹಿರಿಯರಿಗೆ ಯಲ್ಲೇಶ ಯಾರೆಂದು ತಿಳಿದಿದೆಯಂತೆ. ನೀನು ಈ ಮದುವೆಗೆ ಹೋದರೆ ಗುಡಿಯ ಪೂಜೆಯ ಪಾಳಿ ನಿಮ್ಮ ಮನೆಯಿಂದ ಕಿತ್ತು ಬೇರೆಯವರಿಗೆ ಕೊಡುತ್ತಾರಂತೆ, ನಿಮ್ಮ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಯಾರೂ ಬರುವುದಿಲ್ಲವಂತೆ. ನಿನಗೆ ಮಾತು ಮುರಿದವನು ಎಂದರಂತೆ. ನೀನು ತಲೆ ಕೆಳಗೆ ಹಾಕಿ ಕೂತಿದ್ದೆಯಂತೆ.

ಇದನ್ನು ನನಗೆ ಬರೆಯದೆ ಮೊಣಕಾಲು ಎಂದು ಬರೆದೆ. ನನ್ನ ಮೇಲೆ ಭಾರ ಹಾಕಬಾರದು ಎಂದೋ, ಅಥವಾ ನಿನಗೇ ನಾಚಿಕೆಯೋ, ನನಗೆ ಗೊತ್ತಾಗಲಿಲ್ಲ. ನಾನು ಮುಚ್ಚಿಟ್ಟದ್ದು ತಪ್ಪು. ನೀನು ಮುಚ್ಚಿಟ್ಟದ್ದಕ್ಕೆ ಏನನ್ನಲಿ?

ಚಿಕ್ಕವಳಿದ್ದಾಗಿನಿಂದ ನಿನ್ನ ಸಿಟ್ಟು ನೋಡಿದ್ದೇನೆ. ತೋಳ ಬಂದರೆ ಕೋಲೊಂದನ್ನೇ ಹಿಡಿದು ಹೋಗುತ್ತಿದ್ದವನು ನೀನು. ನೀನು ಸಿಟ್ಟಿನವನೆಂದು ಗೊತ್ತಿತ್ತು. ಅಂಜುವವನೆಂದು ಗೊತ್ತಿರಲಿಲ್ಲ.

ಬಾ ಎಂದು ಇನ್ನು ಕರೆಯುವುದಿಲ್ಲ. ನೀನು ಕಳೆದುಕೊಳ್ಳುವುದು ನನಗಿಂತ ಹೆಚ್ಚು. ಅದನ್ನೂ ತಿಳಿದೇ ಬರೆಯುತ್ತಿದ್ದೇನೆ.

ಶೆಟ್ಟೆವ್ವ


ತುಕ್ಕಾನಟ್ಟಿ
29 ಏಪ್ರಿಲ್ 2025

ಶೆಟ್ಟೆವ್ವ,

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದೆ. ಆದರೂ ನನ್ನ ಕಡೆಯಿಂದ ನಾನು ಹೇಳಬೇಕು. ಅವತ್ತು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ, ಯಾಕೆ ಹೋದೆನೆಂದು ನಿನಗೆ ಗೊತ್ತು, ಆದರೂ ಹೇಳಬೇಕು.

ಅಂಜುವವನು ಎಂದು ಬರೆದೆಯಲ್ಲ, ಆ ಕಾಗದ ಹರಿದು ಹಾಕಿದೆ. ಮಾತು ಹರಿಯಲಿಲ್ಲ. ಮತ್ತೆ ಉಣ್ಣೆ ತರಿಸಿ ದಾರ ಹೊಸೆಯಲು ಕೂತೆ. ಈ ಸಲ ಎರಡೂ ಗಂಟು ಗಂಟಾಗಿ ಬಂದವು. ಮದುವೆಯ ಹಿಂದಿನ ದಿನ ಬೀರಸಿದ್ದಪ್ಪನ ಮನೆಗೆ ನಾನೇ ಹೋದೆ. ಗುಡಿಯ ಕೀಲಿಕೈ ಅವನ ಮುಂದಿಟ್ಟೆ. "ಕಿತ್ಕೊಳ್ಳೂ ತ್ರಾಸ ನಿನಗ್ಯಾಕ, ನಾನ ಕೊಡ್ತೇನಿ" ಎಂದೆ.

ಅವನ ಕಣ್ಣಲ್ಲಿ ನೀರು ಬಂತು. ಜೊತೆಗೆ ಕುರಿ ಕಾಯ್ದವನು. "ಮಾಲ್ಯಾ, ನಮ್ಮ ಹುಡುಗೂರು ಏನ ಮಾಡಬೇಕೊ? ಇವತ್ತ ನೀ, ನಾಳಿ ಇನ್ನೊಬ್ಬ. ಹಿಂಗಾದ್ರ ಏನ ಉಳೀತೈತಿ?" ಎಂದ.

"ಏನ ಉಳಸೂದೈತಿ ಅಂತ ನನಗ ತಿಳೀವಲ್ದು. ನಿನಗ ತಿಳದ್ರ ಹೇಳು" ಎಂದೆ. ಅವನು ಕೀಲಿಕೈ ತೆಗೆದುಕೊಂಡ.

ಹೀಗೆ ಎಲ್ಲ ಬಿಟ್ಟು ಬಂದವನು ನಾನು, ತಂಗಿ. ಬಸ್ಸಿನಲ್ಲಿ ಬರುವಾಗ ನನ್ನನ್ನು ನಾನೇ ದೊಡ್ಡವನು ಎಂದುಕೊಳ್ಳುತ್ತಾ ಬಂದೆ. ನಿನ್ನ ಭಾವಂದಿರು ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡು ಚಪ್ಪರದಲ್ಲಿ ಕೂತರು. ಕಸ್ತೂರಿಯ ಕೈಗೆ ದಾರ ಕಟ್ಟಿದೆ. ಅವಳು ನನ್ನ ಎದೆಗೆ ತಲೆ ಇಟ್ಟಳು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೆಂಚಪ್ಪ ಮುಂದೆ ಬಂದ. ನನ್ನಷ್ಟೇ ವಯಸ್ಸು, ಬಿಳಿ ಅಂಗಿ, ಹೊಸ ಟೊಪ್ಪಿಗೆ. ಹುಡುಗನ ದಾರಕ್ಕೆ ಕೈ ಚಾಚಿದ. ನಾನು ದಾರ ಹಿಡಿದೆ, ಕೊಡಲು ಹೋದೆ. ಕೈ ಅವನ ಕೈಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತುಬಿಟ್ಟಿತು. ನಿಂತು, ಬೆರಳು ಬಿಚ್ಚಿತು. ದಾರ ಮೇಲಿಂದ ಬಿತ್ತು.

ನಾನು ಬೇಕೆಂದು ಮಾಡಲಿಲ್ಲ. ಬೇಕೆಂದು ಮಾಡಿದ್ದರೆ ಎದುರಿಗೇ ಹೇಳುವವನು ನಾನು, ನಿನಗೆ ಗೊತ್ತು. ಕೊಡಬೇಕು ಎಂದೇ ಬಂದಿದ್ದೆ. ಆದರೆ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು.

ಕೆಂಚಪ್ಪ ದಾರವನ್ನು ಗಪ್ಪನೆ ಹಿಡಿದ. ನೆಲಕ್ಕೆ ಬೀಳಗೊಡಲಿಲ್ಲ. ನನ್ನ ಮುಖ ನೋಡಿ, "ಬರೋಬ್ಬರಿ ಬಿತ್ತರಿ ಯಜಮಾನ್ರ. ಮ್ಯಾಲಿಂದ ಬಿದ್ದದ್ದು ಹಿಡಿಯೂದು ನಮ್ಮಪ್ಪ ಕಲಿಸಿ ಹೋಗ್ಯಾನ" ಎಂದ. ಸಿಟ್ಟಿನಿಂದ ಅನ್ನಲಿಲ್ಲ. ನಗುತ್ತಲೇ ಅಂದ. ಅವರ ಕಡೆಯ ಹೆಣ್ಣುಮಕ್ಕಳು ನಕ್ಕರು. ಕಸ್ತೂರಿ ನಗಲಿಲ್ಲ.

ಇಲ್ಲಿ ಈಗ ಬಾಗಿಲಿಗೆ ಯಾರೂ ಬರುವುದಿಲ್ಲ. ಹಣಮಂತ ಊಟಕ್ಕೆ ನನ್ನ ಜೊತೆ ಕೂಡುವುದಿಲ್ಲ. ಅದು ನಾನು ಎಣಿಸಿದ್ದೇ. ಎಣಿಸದೇ ಇದ್ದದ್ದು ಆ ಒಂದು ಗೇಣು.

ಮಾಲಿಂಗಪ್ಪ


ದಡ್ಡಿ
26 ಮೇ 2025

ಅಣ್ಣಾ,

ತಡ ಮಾಡಿ ಬರೆಯುತ್ತಿದ್ದೇನೆ. ಏನು ಬರೆಯಬೇಕೋ ತಿಳಿಯಲಿಲ್ಲ.

ನೀನು ಬಂದು ಹೋದದ್ದಕ್ಕೆ ಗಿರಣಿ ರಿಪೇರಿ ಆಗಿದೆ. ಹಾಲಿನವಳು ಏನೂ ಆಗಿಲ್ಲ ಎನ್ನುವಂತೆ ಬಂದು ಚರಿಗೆ ಕೇಳಿದಳು. ಭಾವಂದಿರು ಮಾತಾಡಿಸುತ್ತಾರೆ. ಇದೆಲ್ಲ ನಿನ್ನ ಪೂಜೆಯ ಪಾಳಿ ಕೊಟ್ಟು ಕೊಂಡದ್ದು. ಇದನ್ನು ನಾನು ಮರೆಯುವುದಿಲ್ಲ. ಆದರೆ ಕೆಂಚಪ್ಪನ ಎದುರಿಗೆ ನಿನಗೆಂದು ಹಾಕಿದ್ದ ಖಾಲಿ ಎಲೆಯನ್ನು ಎತ್ತಿದವಳು ನಾನು. ಅವನು, "ಬಿಡ್ರಿ ಅಕ್ಕಾರ, ಹಿರ್ಯಾರು ಅಷ್ಟ ದೂರ ಬಂದಿದ್ರಲ್ಲ" ಎಂದ. ಅದನ್ನು ಕೇಳುವುದಕ್ಕಿಂತ ಅವನು ಎರಡು ಬೈದಿದ್ದರೆ ಚೆನ್ನಾಗಿತ್ತು.

ಕಸ್ತೂರಿ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಅವಳೇ ಬಾಜೂ ನಿಂತು ಬರೆಸುತ್ತಿದ್ದಾಳೆ: "ಮಾಮಾ, ಮುಂದಿನ ಹುಣ್ಣಿವಿಗೆ ನಾನು, ಇವರು, ಇವರ ಕೆಂಚಪ್ಪ ಮಾಮಾ ಮೂವರೂ ತುಕ್ಕಾನಟ್ಟಿಗೆ ಬರ್ತೀವಿ. ಊಟಾ ಬ್ಯಾಡ. ನೀರ ಕೇಳ್ತೀವಿ. ಕೊಡೂದಿದ್ರ ಕೈಯಾಗ ಕೊಡು. ಆಗೂದಿಲ್ಲಂದ್ರ ಈಗ ಬರದಬಿಡು, ನಾವು ಬರೂದಿಲ್ಲ, ನಿನ್ನ ಮ್ಯಾಲ ಸಿಟ್ಟೂ ಇಲ್ಲ. ಆದ್ರ ಆಮ್ಯಾಲ ಮಾಮಾ ಅಂತ ನಾ ಕರೆಯೂದಿಲ್ಲ."

ಅವಳ ಸಿಟ್ಟು ಯಾರ ಕಡೆಯಿಂದ ಬಂದದ್ದು ಎಂದು ನಾನು ಹೇಳಬೇಕಿಲ್ಲ.

ಶೆಟ್ಟೆವ್ವ


ತುಕ್ಕಾನಟ್ಟಿ
2 ಜೂನ್ 2025

ಶೆಟ್ಟೆವ್ವ,

ಬರಲಿ.

ಕತ್ತಲಾದ ಮೇಲೆ ಬರುವುದು ಬೇಡ. ಹಿತ್ತಲಿನಿಂದ ಬರುವುದು ಬೇಡ. ಹಗಲು ಹೊತ್ತು, ಗುಡಿಯ ಮುಂದಿನ ದಾರಿಯಿಂದ, ಬೀರಸಿದ್ದಪ್ಪ ಕಟ್ಟೆಯ ಮೇಲೆ ಕೂತಿರುವ ವೇಳೆಗೆ ಬರಲಿ. ಯಾರೆಂದು ಕೇಳಿದರೆ ಮಾಲಿಂಗಪ್ಪನ ಬೀಗರು ಎನ್ನಲಿ. ಹಣಮಂತ ಅವತ್ತು ಮನೆಯಲ್ಲಿ ಇರುವುದಿಲ್ಲ ಎಂದಿದ್ದಾನೆ. ಹೋಗಲಿ, ಹಸಿವಾದರೆ ಬರುತ್ತಾನೆ.

ಊಟ ಬೇಡ ಎನ್ನಲು ಕಸ್ತೂರಿ ಯಾರು? ನನ್ನ ಮನೆಗೆ ಬಂದು ಹಸಿದು ಹೋಗುವುದು ಹೇಗೆ? ಸೊಸೆ ಮಾಡದಿದ್ದರೆ ನಾನೇ ಮಾಡುತ್ತೇನೆ. ಕುರಿ ಹಿಂದೆ ಹೋದವನಿಗೆ ಮೂರು ಕಲ್ಲು ಸಾಕು, ಮುದ್ದೆ, ಖಾರಬ್ಯಾಳಿ ಆಗುತ್ತದೆ.

ನೀರಿನ ಮಾತು. ನಿನಗೆ ಸುಳ್ಳು ಬರೆಯುವುದಿಲ್ಲ, ನಾವಿಬ್ಬರೂ ಮುಚ್ಚಿಟ್ಟದ್ದು ಸಾಕು. ದಿನಾ ಮುಂಜಾನೆ ತಂಬಿಗೆ ಹಿಡಿದು ಅಂಗಳದಲ್ಲಿ ನಿಲ್ಲುತ್ತೇನೆ. ಎದುರಿಗೆ ಕೆಂಚಪ್ಪ ನಿಂತಿದ್ದಾನೆ ಎಂದುಕೊಳ್ಳುತ್ತೇನೆ. ಒಮ್ಮೊಮ್ಮೆ ಕೈ ಮುಂದೆ ಹೋಗುತ್ತದೆ, ಒಮ್ಮೊಮ್ಮೆ ಹೋಗುವುದಿಲ್ಲ. ಎಪ್ಪತ್ತೊಂದು ವರ್ಷದ ಕೈ ಇದು, ನನ್ನ ಮಾತು ಕೇಳುತ್ತದೆ ಎಂದು ಅವಳಿಗೆ ಬರೆದು ಕೊಡಲಾರೆ.

ಅದಕ್ಕೇ ಕೆಂಚಪ್ಪನಿಗೆ ಒಂದು ಮಾತು ತಿಳಿಸು. ಅವತ್ತು ನನ್ನ ಕೈ ಮತ್ತೆ ನಿಂತುಬಿಟ್ಟರೆ ಅವನು ಕೆಳಗೆ ಬೊಗಸೆ ಹಿಡಿಯುವುದು ಬೇಡ. ನಗುವುದೂ ಬೇಡ. ಎದ್ದು ಬಂದು ನನ್ನ ಕೈಯಿಂದ ತಂಬಿಗೆ ಕಸಿದುಕೊಳ್ಳಲಿ.

ಮಾಲಿಂಗಪ್ಪ